ಭದ್ರೆ ಬಳಸಿದ ಮಲೆಯೂರು

ಚಿಕ್ಕಮಗಳೂರಿನಿಂದ ಕಳಸಕ್ಕೆ ಸುಮಾರು ೯೦ ಕಿಲೋಮೀಟರು ದೂರ. ಬಯಲುಸೀಮೆಯಲ್ಲಾದರೆ ಅದು ಒಂದೂವರೆ ಗಂಟೆಯ ಪ್ರಯಾಣ. ಇಲ್ಲಿ ಹಾಗಲ್ಲ. ಬಾಳೆಹೊನ್ನೂರನ್ನು ದಾಟಿದ ಮೇಲೆ ರಸ್ತೆ ನೇರವಾಗಿ ಹೋಗುವುದನ್ನೇ ಮರೆತುಬಿಡುತ್ತದೆ. ಒಂದು ಗುಡ್ಡದ ಪಕ್ಕೆಯನ್ನು ಬಳಸಿ, ಇನ್ನೊಂದರ ಹೆಗಲನ್ನೇರಿ, ಮತ್ತೊಂದರ ಬುಡಕ್ಕಿಳಿದು ಬಸ್ಸು ಮುಂದೆ ಸಾಗುತ್ತದೆ. ಎಡಬಲಗಳಲ್ಲಿ ಕಾಫಿಯ ತೋಟ. ಅದರ ಮೇಲೆ ಸಿಲ್ವರ್, ಹಲಸು, ಅತ್ತಿ, ನೇರಳೆ ಮರಗಳ ನೆರಳು. ಆ ಮರಗಳ ಕಾಂಡವನ್ನಪ್ಪಿದ ಮೆಣಸಿನ ಬಳ್ಳಿ. ಮರಗಳ ಸಂದಿಯಲ್ಲಿ ಭದ್ರಾನದಿ ಒಮ್ಮೆ ಕಾಣಿಸಿ ಮತ್ತೊಮ್ಮೆ ಮರೆಯಾಗುತ್ತದೆ. ಕೊನೆಗೆ ಒಂದು ತಿರುವಿನಲ್ಲಿ ದಿಗಂತವನ್ನೆಲ್ಲ ಬೆಟ್ಟಗಳೇ ತುಂಬಿಕೊಂಡು, ಅವುಗಳ ನಡುವೆ ಒಂದು ದಿಬ್ಬದ ಮೇಲೆ ದೇವಾಲಯದ ಮಾಡು ಕಾಣಬರುತ್ತದೆ. ಅದೇ ಕಳಸ. ಮೂರು ಕಡೆಯಿಂದ ಭದ್ರೆ ಬಳಸಿ ಹರಿಯುವ ಊರು.

ಈ ಊರು ಬಹುಕಾಲ ಮೂಡಿಗೆರೆ ತಾಲ್ಲೂಕಿನ ಒಂದು ಹೋಬಳಿಯಾಗಿತ್ತು. ಈಚಿನ ವರ್ಷಗಳಲ್ಲಿ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಯಾತ್ರಿಕರು ಇಲ್ಲಿಗೆ ಬರುವುದು ಕಳಸೇಶ್ವರನ ದರ್ಶನಕ್ಕೆ. ಹಾಗೆಯೇ ಎಂಟು ಕಿಲೋಮೀಟರು ಮುಂದೆ ಹೋಗಿ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟ ಮಾಡುವುದಕ್ಕೆ. ದೇವರ ದರ್ಶನವಾಯಿತು, ಪ್ರಸಾದವಾಯಿತು, ಸಂಜೆಯ ಬಸ್ಸಿಗೆ ಹೊತ್ತಾಯಿತು. ಹೀಗೆ ಬಂದು ಹೀಗೆ ಹೋಗುವವರು ಕಂಡದ್ದು ಒಂದು ಪೇಟೆಯ ಬೀದಿಯನ್ನು ಮಾತ್ರ. ನಿಜವಾದ ಊರು ಆ ಬೀದಿಯಲ್ಲಿಲ್ಲ.

ಕಾಣದ ಊರು

ಬಯಲುಸೀಮೆಯ ಹಳ್ಳಿಯೆಂದರೆ ಒತ್ತಾಗಿ ನಿಂತ ಮನೆಗಳು, ನಡುವೆ ಬೀದಿ, ಊರ ಬಾಗಿಲಲ್ಲಿ ಅರಳಿಕಟ್ಟೆ, ಸುತ್ತ ಹೊಲ. ಹೊರಗಿನಿಂದ ನೋಡಿದರೆ ಇಡೀ ಊರು ಒಂದೇ ನೋಟಕ್ಕೆ ಸಿಕ್ಕುತ್ತದೆ. ಮಲೆನಾಡಿನ ಹಳ್ಳಿ ಹಾಗೆ ಸಿಕ್ಕುವುದಿಲ್ಲ. ಇಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಗುಡ್ಡ, ಒಂದು ಹಳ್ಳ, ಒಂದು ತೋಟ. ನೆರೆಮನೆಯ ನಾಯಿಯ ಬೊಗಳು ಕೇಳಿಸುತ್ತದೆ, ನೆರೆಮನೆ ಕಾಣಿಸುವುದಿಲ್ಲ. ಕಳಸ, ಸಂಸೆ, ಹೊರನಾಡುಗಳ ಸುತ್ತಿನಲ್ಲಿ ಎರಡು ಮನೆಗಳ ಊರೂ ಉಂಟು, ಒಂದೇ ಮನೆಯ ಊರೂ ಉಂಟು.

ಈ ಚದುರಿದ ಮನೆಗಳನ್ನು ಒಂದು ಊರಾಗಿ ಹೆಣೆದಿರುವುದು ಕಾಲುದಾರಿ. ಹಳ್ಳ ಅಡ್ಡಬಂದಲ್ಲಿ ಅಡಿಕೆಯ ಮರವನ್ನೋ ಕಾಡುಮರದ ದಿಮ್ಮಿಯನ್ನೋ ಅಡ್ಡ ಹಾಕಿ ಮಾಡಿದ ಸಂಕ. ಮಳೆಗಾಲಕ್ಕೆ ಮುಂಚೆ ಸಂಕವನ್ನು ಹೊಸದಾಗಿ ಹಾಕುವ ಕೆಲಸಕ್ಕೆ ಸುತ್ತಲ ಮನೆಗಳಿಂದ ಒಬ್ಬೊಬ್ಬರು ಬಂದು ಕೈ ಹಚ್ಚುವುದು ವಾಡಿಕೆ. ಸಂಕ ಕೊಚ್ಚಿಹೋದರೆ ಆಚೆಯ ಮನೆಯ ಮಗುವಿಗೆ ಶಾಲೆಯಿಲ್ಲ, ಮುದುಕರಿಗೆ ಔಷಧವಿಲ್ಲ. ಆದುದರಿಂದ ಆ ಒಂದು ಮರದ ತುಂಡಿನ ಮೇಲೆ ನೆರೆಹೊರೆಯ ಬಾಳು ನಿಂತಿದೆಯೆಂದರೆ ಅತಿಶಯೋಕ್ತಿಯಲ್ಲ.

ಮನೆಯನ್ನು ಎಲ್ಲಿ ಕಟ್ಟಬೇಕೆಂಬುದಕ್ಕೂ ಇಲ್ಲಿ ಒಂದು ಕ್ರಮವುಂಟು. ಎಲ್ಲಕ್ಕಿಂತ ಮೇಲೆ ಕಾಡು ಇಲ್ಲವೆ ಹುಲ್ಲು ಬೆಳೆದ ಬೋಳುಗುಡ್ಡ. ಅದರ ಕೆಳಗೆ ಸೊಪ್ಪಿನಬೆಟ್ಟ. ತೋಟಕ್ಕೆ ಬೇಕಾದ ಸೊಪ್ಪು ದರಗು ಸೌದೆಗಳು ಅಲ್ಲಿಂದ ಬರುತ್ತವೆ. ಅದಕ್ಕೂ ಕೆಳಗೆ ಇಳಿಜಾರಿನಲ್ಲಿ ಕಾಫಿ, ಏಲಕ್ಕಿ; ಕಣಿವೆಯ ತಂಪಿನಲ್ಲಿ ಅಡಿಕೆಯ ತೋಟ; ಎಲ್ಲಕ್ಕಿಂತ ತಗ್ಗಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬತ್ತದ ಗದ್ದೆ. ತೋಟ ಗದ್ದೆಗಳ ಅಂಚಿನಲ್ಲಿ, ನೆರೆ ಮುಟ್ಟದ ಎತ್ತರದಲ್ಲಿ ಹೆಂಚಿನ ಮನೆ. ಮೇಲಿನ ಕಾಡು ಹೀರಿಕೊಂಡ ಮಳೆಯ ನೀರು ಒರತೆಯಾಗಿ ಜಿನುಗಿ ಮನೆಯ ಹಿತ್ತಿಲಿಗೆ ಬರುತ್ತದೆ. ಅಡಿಕೆಯ ದೋಣಿಯಲ್ಲಿ, ಈಗ ಪ್ಲಾಸ್ಟಿಕ್ ಕೊಳವೆಯಲ್ಲಿ, ಹಗಲಿರುಳೂ ಆ ನೀರು ಬಚ್ಚಲ ತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ತೋಟಕ್ಕೆ, ತೋಟದಿಂದ ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ, ಹಳ್ಳದಿಂದ ಭದ್ರೆಗೆ. ಕಾಡು, ತೋಟ, ಗದ್ದೆ ಎಂಬ ಈ ಮೂರು ಮೆಟ್ಟಿಲುಗಳ ಏರ್ಪಾಡೇ ಮಲೆಯೂರಿನ ಬುನಾದಿ. ಒಂದು ಮೆಟ್ಟಿಲು ಕುಸಿದರೆ ಉಳಿದೆರಡೂ ನಿಲ್ಲಲಾರವು. ಹಿರಿಯರು ಇದನ್ನು ಗ್ರಂಥ ಓದಿ ತಿಳಿದವರಲ್ಲ. ಬೆಟ್ಟವೇ ಅವರಿಗೆ ಕಲಿಸಿದ ಪಾಠವಿದು.

ಅಗಸ್ತ್ಯರಿಂದ ಭೈರರಸರವರೆಗೆ

ಊರಿಗೆ ಕಳಸವೆಂಬ ಹೆಸರು ಬಂದುದಕ್ಕೆ ಸ್ಥಳಪುರಾಣ ಹೇಳುವ ಕಾರಣ ಸೊಗಸಾಗಿದೆ. ಹಿಮಾಲಯದಲ್ಲಿ ಗಿರಿಜೆಯ ಕಲ್ಯಾಣಕ್ಕೆ ಮೂರು ಲೋಕಗಳೂ ನೆರೆದಾಗ ಭಾರಕ್ಕೆ ಭೂಮಿ ಉತ್ತರದ ಕಡೆಗೆ ವಾಲಿತಂತೆ. ಅದನ್ನು ಸರಿತೂಗಿಸಲು ಶಿವನು ಅಗಸ್ತ್ಯರನ್ನು ದಕ್ಷಿಣಕ್ಕೆ ಕಳುಹಿಸಿದನು. ಮದುವೆಯನ್ನು ಕಾಣುವ ಭಾಗ್ಯ ತಪ್ಪಿತೆಂದು ಕೊರಗಿದ ಕುಂಭಸಂಭವನಿಗೆ, ಭದ್ರೆಯ ತೀರದಲ್ಲಿ ನಿಂತೇ ಅದನ್ನು ಕಾಣುವ ವರ ದೊರೆಯಿತು. ಕಲಶದಲ್ಲಿ ಹುಟ್ಟಿದ ಮುನಿ ನೆಲೆನಿಂತ ಈಶ್ವರ ಕಳಸೇಶ್ವರನಾದನು. ಇಂದಿಗೂ ಕಾರ್ತಿಕಮಾಸದಲ್ಲಿ ಇಲ್ಲಿ ಗಿರಿಜಾಕಲ್ಯಾಣದ ಉತ್ಸವ ನಡೆಯುತ್ತದೆ. ದೂರದಲ್ಲಿ ಉಳಿದವನಿಗೂ ಮದುವೆಯ ದರ್ಶನವಾಯಿತೆಂಬ ಕಥೆ ರಾಜಧಾನಿಗಳಿಂದಲೂ ಹೆದ್ದಾರಿಗಳಿಂದಲೂ ದೂರವಿರುವ ಈ ಊರಿಗೆ ಎಷ್ಟು ಒಪ್ಪುತ್ತದೆ!

ಭದ್ರೆಯ ದಡದಲ್ಲಿ ಐದು ತೀರ್ಥಗಳು ಪ್ರಸಿದ್ಧವಾಗಿವೆ: ವಸಿಷ್ಠತೀರ್ಥ, ನಾಗತೀರ್ಥ, ಕೋಟಿತೀರ್ಥ, ರುದ್ರತೀರ್ಥ, ಅಂಬಾತೀರ್ಥ. ಅಂಬಾತೀರ್ಥದಲ್ಲಿ ನದಿ ಬಂಡೆಗಳ ನಡುವೆ ಇಕ್ಕಟ್ಟಾಗಿ ನುಗ್ಗುತ್ತದೆ. ಅಲ್ಲಿ ಒಂದು ಬೃಹತ್ ಶಿಲೆಯ ಮೇಲೆ ಮತ್ತೊಂದು ಚೌಕಾಕಾರದ ಶಿಲೆ ಕುಳಿತಿದೆ. ಅದನ್ನು ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿರಿಸಿದರೆಂದು ಆ ಕಲ್ಲಿನ ಮೇಲಿನ ಸಂಸ್ಕೃತ ಬರಹ ಸಾರುತ್ತದೆ. ನಂಬುವವರು ಕೈ ಮುಗಿಯುತ್ತಾರೆ. ನಂಬದವರು ಕಲ್ಲಿನ ಗಾತ್ರವನ್ನು ಕಂಡು ಮೂಗಿನ ಮೇಲೆ ಬೆರಳಿಡುತ್ತಾರೆ.

ಪುರಾಣವನ್ನು ಬಿಟ್ಟು ಚರಿತ್ರೆಗೆ ಬಂದರೆ ಕಳಸ ಒಂದು ಕಾಲಕ್ಕೆ ರಾಜಧಾನಿಯಾಗಿತ್ತೆಂಬುದು ಶಾಸನಗಳಿಂದ ತಿಳಿದುಬರುತ್ತದೆ. ಹೊಂಬುಜದಲ್ಲಿ ಆಳಿದ ಸಾಂತರರ ಒಂದು ಶಾಖೆ ದಕ್ಷಿಣಕ್ಕೆ ಸರಿದು ಕಳಸದಲ್ಲಿ ನೆಲೆಯೂರಿತು. ಮುಂದೆ ಘಟ್ಟದ ಕೆಳಗಿನ ಕಾರ್ಕಳವನ್ನೂ ತನ್ನ ರಾಜಧಾನಿಯಾಗಿ ಮಾಡಿಕೊಂಡಿತು. ಹದಿಮೂರನೆಯ ಶತಮಾನದಲ್ಲಿ ಜಾಕಲದೇವಿ, ಕಾಳಲದೇವಿ ಎಂಬ ರಾಣಿಯರು ಇಲ್ಲಿಂದ ರಾಜ್ಯಭಾರ ಮಾಡಿದರು. ಇದೇ ಮನೆತನದ ವೀರಪಾಂಡ್ಯನು ೧೪೩೨ರಲ್ಲಿ ಕಾರ್ಕಳದ ಬಂಡೆಯ ಮೇಲೆ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದನು. ಇಮ್ಮಡಿ ಭೈರರಸನು ೧೫೮೬ರಲ್ಲಿ ಅಲ್ಲಿಯೇ ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ಅರಸರು ಜೈನರು, ಆದರೂ ಕಳಸನಾಥನಿಗೆ ದತ್ತಿ ಬಿಟ್ಟವರು ಅವರೇ. ಇಂದಿಗೂ ಸಂಸೆಯ ಸುತ್ತಿನಲ್ಲಿ ಜೈನ ಮನೆತನಗಳೂ ಬಸದಿಯೂ ಉಂಟು.

ಆ ಅರಸೊತ್ತಿಗೆ ಮುಂದೆ ಕೆಳದಿಯ ನಾಯಕರ ಬಲದೆದುರು ಕ್ಷೀಣಿಸಿತು. ಕಳಸ ರಾಜಧಾನಿಯ ಪಟ್ಟವನ್ನು ಕಳೆದುಕೊಂಡಿತು. ಆದರೆ ಊರು ಹಾಳಾಗಲಿಲ್ಲ. ಅರಮನೆ ಅಳಿಯಿತು, ಗದ್ದೆ ಉಳಿಯಿತು. ಸಿಂಹಾಸನ ಹೋಯಿತು, ಒರತೆ ನಿಂತಿತು. ಮಲೆಯೂರಿನ ಬೇರು ಅರಮನೆಯಲ್ಲಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಮಳೆಯೇ ಯಜಮಾನ

ಈ ಸೀಮೆಯಲ್ಲಿ ವರ್ಷಕ್ಕೆ ನೂರು ಅಂಗುಲ ಮಳೆಯೆಂದರೆ ಅದೇನೂ ದೊಡ್ಡ ಮಾತಲ್ಲ. ಕುದುರೆಮುಖದ ಕಡೆಗೆ ಸರಿದಷ್ಟೂ ಅದು ಏರುತ್ತಲೇ ಹೋಗುತ್ತದೆ. ಜನ ಮಳೆಗಾಲವನ್ನು ತಿಂಗಳುಗಳಿಂದ ಎಣಿಸುವುದಿಲ್ಲ, ನಕ್ಷತ್ರಗಳಿಂದ ಎಣಿಸುತ್ತಾರೆ. ಮೃಗಶಿರದಲ್ಲಿ ಮೊದಲ ಸದ್ದು. ಆರಿದ್ರ ಹಿಡಿದರೆ ಆರದೆ ಹೊಯ್ಯುತ್ತದೆ. ಪುನರ್ವಸು ಪುಷ್ಯಗಳು ಹಳ್ಳಿಗರ ಬಾಯಲ್ಲಿ ದೊಡ್ಡ ಪುಸಾಲು, ಚಿಕ್ಕ ಪುಸಾಲು. ಈ ದಿನಗಳಲ್ಲಿ ಸೂರ್ಯ ಕಾಣುವುದು ಅಪರೂಪ. ಉಂಬಳಗಳು ಹುಲ್ಲಿನ ಪ್ರತಿಯೊಂದು ಎಸಳಿನಿಂದಲೂ ತಲೆಯೆತ್ತಿ ದಾರಿಹೋಕನ ಕಾಲಿಗಾಗಿ ಕಾದಿರುತ್ತವೆ.

ಮನೆಯನ್ನು ಕಟ್ಟಿದ ರೀತಿಯೂ ಮಳೆಗೆ ಒಗ್ಗಿದುದೇ. ಕಡಿದಾದ ಇಳಿಜಾರಿನ ಮಾಡು, ಗೋಡೆ ನೆನೆಯದಂತೆ ಮುಂದಕ್ಕೆ ಚಾಚಿದ ಸೂರು, ಎತ್ತರದ ಜಗಲಿ, ಅಂಗಳದಲ್ಲಿ ತುಳಸಿಕಟ್ಟೆ. ಹಿಂದೆ ಹುಲ್ಲು, ಸೋಗೆ, ನಾಡಹೆಂಚುಗಳಿದ್ದ ಮಾಡುಗಳ ಮೇಲೆ, ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಕ್ರಮೇಣ ಕೆಂಪು ಹೆಂಚು ಏರಿತು. ಒಳಗೆ ಬಚ್ಚಲ ಒಲೆಯೂ ಹೊಡಸಲ ಬೆಂಕಿಯೂ ಆರುವುದೇ ಇಲ್ಲ. ಒದ್ದೆ ಬಟ್ಟೆ, ಕಂಬಳಿಕೊಪ್ಪೆ, ಅಟ್ಟದ ಮೇಲಿನ ಅಡಿಕೆ, ಬೆಚ್ಚಗೆ ಮುದುರಿ ಕುಳಿತ ಅಜ್ಜ, ಎಲ್ಲಕ್ಕೂ ಅದೇ ಆಶ್ರಯ.

ಮಳೆಗಾಲಕ್ಕೆ ಮುಂಚೆ ಮನೆಯ ಗೃಹಿಣಿ ನಡೆಸುವ ಸಿದ್ಧತೆ ಮುತ್ತಿಗೆಗೆ ಅಣಿಯಾಗುವ ಕೋಟೆಯ ಸಿದ್ಧತೆಯಂತಿರುತ್ತದೆ. ಹಲಸಿನ ಹಪ್ಪಳ ಒಣಗಿ ಡಬ್ಬಿ ಸೇರಬೇಕು. ಅಪ್ಪೆಮಿಡಿ ಉಪ್ಪಿಗೆ ಬಿದ್ದು ಜಾಡಿಯಲ್ಲಿ ಮುರುಟಬೇಕು. ಸೌದೆ ಕೊಟ್ಟಿಗೆಯ ಮಾಡು ಮುಟ್ಟಬೇಕು. ಮಳೆ ಹಿಡಿದ ಮೇಲೆ ಕಾಡೇ ತರಕಾರಿಯ ಅಂಗಡಿ: ಎಳೆಯ ಬಿದಿರಿನ ಕಳಲೆ, ಕೆಸುವಿನೆಲೆಯ ಪತ್ರೊಡೆ, ಗುಡುಗಿಗೆ ಏಳುವ ಅಣಬೆ. ಬೆಳಗಿಗೆ ಬಿಸಿ ಕಡುಬು, ರಾತ್ರಿಗೆ ಅಕ್ಕಿರೊಟ್ಟಿ. ಬಡವರ ಮನೆಯಲ್ಲಿ ಇಷ್ಟೆಲ್ಲ ಇರುತ್ತಿರಲಿಲ್ಲವೆಂಬುದೂ ನಿಜ. ತೋಟದ ಲೈನುಮನೆಗಳಲ್ಲಿ ಗಂಜಿಯೂ ಒಣಮೀನೂ ಮಳೆಗಾಲದ ಪಾಡನ್ನು ನೀಗಿಸುತ್ತಿದ್ದವು.

ಆ ಒಣಮೀನು ಬರುತ್ತಿದ್ದುದು ಘಟ್ಟದ ಕೆಳಗಿನಿಂದ. ಕಳಸದ ಮುಖ ಎಂದಿನಿಂದಲೂ ಎರಡು ದಿಕ್ಕಿಗೆ. ಪೂರ್ವದಲ್ಲಿ ಮೈಸೂರು ಸೀಮೆ, ಪಶ್ಚಿಮದಲ್ಲಿ ತುಳುನಾಡು. ಮೋಟಾರು ಬರುವ ಮುನ್ನ ಹೇರೆತ್ತುಗಳ ಸಾಲು ಅಕ್ಕಿ ಅಡಿಕೆಗಳನ್ನು ಹೊತ್ತು ಘಟ್ಟ ಇಳಿದು, ಉಪ್ಪನ್ನು ಹೊತ್ತು ಏರುತ್ತಿತ್ತು. ಸರಕಿನೊಡನೆ ಮಾತೂ ದೈವಗಳೂ ಏರಿಬಂದವು. ಹೀಗಾಗಿ ಇಂದು ಕಳಸದ ಸಂತೆಯಲ್ಲಿ ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ, ತಮಿಳು ಮಾತುಗಳೆಲ್ಲ ಕೇಳಿಬರುತ್ತವೆ. ಬನಗಳಲ್ಲಿ ಚೌಡಿಯ ಪಕ್ಕದಲ್ಲಿಯೇ ಪಂಜುರ್ಲಿಗೂ ಸ್ಥಳವುಂಟು. ಇವರೆಲ್ಲರಿಗಿಂತ ಮೊದಲಿನಿಂದ ಕಾಡನ್ನರಿತ ಮಲೆಕುಡಿಯರು ಕುದುರೆಮುಖದ ತಪ್ಪಲುಗಳಲ್ಲಿ ಇಂದಿಗೂ ಬಾಳುತ್ತಿದ್ದಾರೆ.

ಏಳು ಬೀಜಗಳ ಸಂತಾನ

ಕಾಫಿ ಈ ಬೆಟ್ಟಗಳಿಗೆ ಹೊರಗಿನಿಂದ ಬಂದ ಬೆಳೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರತೀತಿ. ಬಹುಕಾಲ ಮನೆಯ ಹಿತ್ತಿಲಲ್ಲಿದ್ದ ಗಿಡ ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲ ದೊರೆಗಳ ತೋಟಗಳಲ್ಲಿ ಸಾಲುಸಾಲಾಗಿ ನಿಂತಿತು. ಕಾಂಡಕೊರಕ ಹುಳು, ಎಲೆ ತುಕ್ಕುರೋಗಗಳು ಬಂದು ಆ ಶತಮಾನದ ಕೊನೆಗೆ ಹಲವು ತೋಟಗಳನ್ನು ನೆಲಕ್ಕೊರಗಿಸಿದುವು. ಮೂಡಿಗೆರೆಯ ಬಳಿಯ ದೊಡ್ಡನಗುಡ್ಡ ತೋಟದಲ್ಲಿ ಕೆಂಟ್ ಎಂಬಾತ ೧೯೧೧ರಲ್ಲಿ ರೋಗವನ್ನು ತಾಳುವ ಒಂದು ಗಿಡವನ್ನು ಗುರುತಿಸಿ ಅದರ ಸಂತಾನವನ್ನು ಬೆಳೆಸಿದನು. ‘ಕೆಂಟ್ಸ್’ ಎಂಬ ಆ ತಳಿ ಬೆಳೆಗಾರರನ್ನು ಬದುಕಿಸಿತು. ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರ ಸ್ಥಾಪಿಸಿದ ಪ್ರಯೋಗಕೇಂದ್ರವೇ ಇಂದಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ.

ಹೊರಗಿನಿಂದ ಬಂದರೂ ಕಾಫಿ ಮಲೆಯೂರಿನ ಕ್ರಮವನ್ನು ಪೂರ್ತಿಯಾಗಿ ಮುರಿಯಲಿಲ್ಲ. ಅದಕ್ಕೆ ನೆರಳು ಬೇಕು. ನೆರಳಿಗೆ ಮರ ಬೇಕು. ಮರವಿದ್ದಲ್ಲಿ ಮಣ್ಣು ನಿಲ್ಲುತ್ತದೆ, ಹಕ್ಕಿ ಕೂರುತ್ತದೆ, ಒರತೆ ಬತ್ತುವುದಿಲ್ಲ. ಫೆಬ್ರವರಿ ಮಾರ್ಚಿಯಲ್ಲಿ ಒಂದು ಹದಮಳೆ ಬಂದರೆ ಎಂಟೊಂಬತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯಂಥ ಕಂಪು ಕಣಿವೆಯನ್ನು ತುಂಬುತ್ತದೆ. ಆ ಒಂದು ಮಳೆಗೆ ಬೆಳೆಗಾರ ಕಾಯುವ ಕಾತರ ಮಗಳ ಮದುವೆಯ ಮಾತುಕತೆಗೆ ಕಾಯುವವನ ಕಾತರಕ್ಕಿಂತ ಕಡಿಮೆಯದಲ್ಲ. ಮಳೆ ತಪ್ಪಿದರೆ ವರ್ಷವೇ ತಪ್ಪಿತು.

ಬೆಳೆಯ ಏರಿಳಿತವನ್ನು ಬೆಲೆಯ ಏರಿಳಿತವೂ ಮೀರಿಸುತ್ತದೆ. ೧೯೪೨ರಲ್ಲಿ ಸ್ಥಾಪಿತವಾದ ಕಾಫಿ ಮಂಡಲಿ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಪದ್ಧತಿ ೧೯೯೦ರ ದಶಕದ ನಡುವಿನಲ್ಲಿ ಕೊನೆಗೊಂಡಿತು; ಬೆಳೆಗಾರ ಲೋಕದ ಮಾರುಕಟ್ಟೆಗೆ ನೇರವಾಗಿ ಮುಖಕೊಟ್ಟನು. ಮೊದಲಲ್ಲಿ ಲಾಭ ಕಂಡಿತು. ಹೊಸ ಶತಮಾನದ ಆರಂಭದಲ್ಲಿ ಬೆಲೆ ಕುಸಿದು ಸಣ್ಣ ಹಿಡುವಳಿದಾರರ ಬೆನ್ನು ಮುರಿಯಿತು. ೨೦೨೪-೨೫ರಲ್ಲಿ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಆದರೆ ಬೆಲೆ ಬಂದಾಗ ಕೊಯ್ಯುವ ಕೈಗಳಿಲ್ಲ. ಒಮ್ಮೆ ಘಟ್ಟದ ಕೆಳಗಿನಿಂದಲೂ ತಮಿಳುಸೀಮೆಯಿಂದಲೂ ಮೇಸ್ತ್ರಿಗಳು ಆಳುಗಳನ್ನು ಕರೆತರುತ್ತಿದ್ದ ತೋಟಗಳಲ್ಲಿ ಈಗ ಅಸ್ಸಾಮಿನ ಮಾತೂ ಬಂಗಾಳದ ಮಾತೂ ಕೇಳಿಬರುತ್ತವೆ.

ಬೆಟ್ಟವನ್ನು ಅಗೆದ ಕಥೆ

ಕಳಸದಿಂದ ಸಂಸೆಯ ಮಾರ್ಗವಾಗಿ ಮುಂದೆ ಹೋದರೆ ಕುದುರೆಮುಖ. ಕಡಲಿನ ಕಡೆಯಿಂದ ನೋಡಿದರೆ ಕುದುರೆಯ ಮೋರೆಯಂತೆ ಕಾಣುವ ಈ ಶಿಖರದ ಎತ್ತರ ೧,೮೯೦ ಮೀಟರುಗಳಿಗೂ ಮಿಕ್ಕಿದೆ. ಇದರ ಆಸುಪಾಸಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿಯರ ಉಗಮ. ಎರಡು ನದಿಗಳು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ನಾಡಿನ ಅರ್ಧದಷ್ಟು ಜನ ಹೆಸರು ಕೇಳಿಯೇ ಕೈ ಮುಗಿಯುವ ನೀರು ಹುಟ್ಟುವ ಸ್ಥಳವಿದು.

ಅಂಥ ಬೆಟ್ಟದ ಹೊಟ್ಟೆಯಲ್ಲಿ ಕಬ್ಬಿಣದ ಅದಿರೂ ಇದ್ದಿತು. ೧೯೭೬ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಇರಾನಿನ ಅರಸೊತ್ತಿಗೆ ಹಣ ಕೊಡುವ, ಅದಿರನ್ನು ಕೊಳ್ಳುವ ಒಪ್ಪಂದವಾಗಿತ್ತು. ೧೯೭೯ರ ಕ್ರಾಂತಿಯಲ್ಲಿ ಆ ಅರಸೊತ್ತಿಗೆಯೇ ಉರುಳಿತು. ಆದರೂ ಗಣಿ ನಡೆಯಿತು. ಅದಿರನ್ನು ನೀರಿನಲ್ಲಿ ಕದಡಿ ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಬಂದರಿಗೆ ಹರಿಸಿದರು. ಉಳಿದ ಕೆಸರನ್ನು ತಡೆಯಲು ಲಕ್ಯಾ ಹಳ್ಳಕ್ಕೆ ಅಣೆಕಟ್ಟು ಬಂದಿತು. ಕಾಡಿನ ನಡುವೆ ಆಸ್ಪತ್ರೆ, ಶಾಲೆ, ಸಾಲು ವಸತಿಗಳುಳ್ಳ ಒಂದು ಹೊಸ ಊರೇ ಎದ್ದು ನಿಂತಿತು. ನೂರಾರು ಕುಟುಂಬಗಳಿಗೆ ಅನ್ನ ದೊರೆಯಿತು. ಕಳಸದ ಅಂಗಡಿಗಳಿಗೆ ಗಿರಾಕಿಗಳು ಬಂದರು. ಭದ್ರೆ ಮಾತ್ರ ಮಳೆಗಾಲದಲ್ಲಿ ಗಣಿಯ ಮಣ್ಣನ್ನು ಹೊತ್ತು ಕೆಂಪಾಗಿ ಹರಿಯಿತು.

ಪರಿಸರಪ್ರೇಮಿಗಳು ವರ್ಷಗಟ್ಟಲೆ ಹೋರಾಡಿದರು. ೨೦೦೨ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ೨೦೦೫ರ ಕೊನೆಯ ದಿನ ಗಣಿ ನಿಂತಿತು. ಸಂಬಳ ನಿಂತೊಡನೆ ಜನ ಹೊರಟರು. ಮೂವತ್ತು ವರ್ಷ ತುಂಬುವ ಮೊದಲೇ ಆ ಊರು ಬರಿದಾಯಿತು. ಬಾಗಿಲು ಮುಚ್ಚಿದ ವಸತಿಗಳ ಗೋಡೆಗಳ ಮೇಲೆ ಪಾಚಿ ಹಬ್ಬಿತು. ರಾಜಧಾನಿಯ ಪಟ್ಟ ಹೋದರೂ ಕಳಸ ನೂರಾರು ವರ್ಷ ಉಳಿದಿತ್ತು. ಗಣಿ ಹೋದೊಡನೆ ಗಣಿಯ ಊರು ಹೋಯಿತು. ಒಂದು ಊರು ಬೆಟ್ಟದೊಡನೆ ಬಾಳಿತ್ತು, ಮತ್ತೊಂದು ಬೆಟ್ಟವನ್ನು ಉಂಡು ಬಾಳಿತ್ತು. ವ್ಯತ್ಯಾಸ ಅಷ್ಟೇ.

ಆದರೆ ಗಣಿ ನಿಂತ ಮಾತ್ರಕ್ಕೆ ಎಲ್ಲರಿಗೂ ನೆಮ್ಮದಿಯಾಯಿತೆಂದಲ್ಲ. ೧೯೮೭ರಲ್ಲಿ ಘೋಷಿತವಾದ ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗೆ ತಲೆತಲಾಂತರದಿಂದ ಬಾಳಿದ ಮನೆಗಳೂ ಇದ್ದವು. ೨೦೧೨ರಲ್ಲಿ ಪಶ್ಚಿಮಘಟ್ಟ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖವೂ ಅದರಲ್ಲಿ ಸೇರಿತು. ಹುಲಿಗೂ ಸಿಂಗಳೀಕಕ್ಕೂ ರಕ್ಷಣೆ ಬೇಕೆಂಬುದನ್ನು ಇಲ್ಲಿಯ ರೈತ ಅಲ್ಲಗಳೆಯುವುದಿಲ್ಲ. ತನ್ನ ಮನೆಗೆ ರಸ್ತೆ, ವಿದ್ಯುತ್ತು, ಹಕ್ಕುಪತ್ರ ಬೇಡವೇ ಎಂಬುದು ಅವನ ಪ್ರಶ್ನೆ. ಕೆಲವರು ಪರಿಹಾರ ಪಡೆದು ಹೊರಬಂದರು. ಕೆಲವರು ಅಲ್ಲಿಯೇ ನಿಂತರು. ಪ್ರಶ್ನೆಯೂ ನಿಂತಿದೆ.

ಬೆಟ್ಟ ಜಾರಿದ ದಿನ

೨೦೧೯ರ ಆಗಸ್ಟ್ ತಿಂಗಳಿನ ಮಳೆಯನ್ನು ಮೂಡಿಗೆರೆ ಕಳಸಗಳ ಜನ ಮರೆಯಲಾರರು. ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯಿತು. ಸೇತುವೆ ಮುಳುಗುವುದು ಜನಕ್ಕೆ ಹೊಸತಲ್ಲ. ನೀರು ಇಳಿಯುವವರೆಗೆ ಆಚೆಯವರು ಆಚೆ, ಈಚೆಯವರು ಈಚೆ. ಹೊಸತಾಗಿದ್ದುದು ಬೆಟ್ಟಗಳೇ ಜಾರಿದ್ದು. ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಬಿರಿದು ಕೆಸರಾಗಿ ಹರಿದು ಮನೆ, ತೋಟ, ಗದ್ದೆಗಳನ್ನು ಒಂದೇ ಹಗಲಿರುಳಿನಲ್ಲಿ ಮುಚ್ಚಿಹಾಕಿತು. ತಲೆಮಾರುಗಳ ದುಡಿಮೆ ಕಲ್ಲುಮಣ್ಣಿನ ರಾಶಿಯಾಯಿತು. ಮನೆ ಕಳೆದುಕೊಂಡವರು ಬದಲಿ ನೆಲಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದರು.

ಕಾರಣವನ್ನು ಒಂದೇ ಮಾತಿನಲ್ಲಿ ಹೇಳಲಾಗದು. ಕೆಲವೇ ದಿನಗಳಲ್ಲಿ ಒಂದು ಋತುವಿನ ಮಳೆ ಸುರಿದುದು ಒಂದು. ರಸ್ತೆಗಾಗಿ, ಕಟ್ಟಡಕ್ಕಾಗಿ ಇಳಿಜಾರಿನ ಬುಡವನ್ನು ನೆಟ್ಟಗೆ ಕತ್ತರಿಸುವ ಯಂತ್ರ ಮತ್ತೊಂದು. ಕಡಿದ ಕಾಡು, ಮುಚ್ಚಿದ ಸಹಜ ನೀರುದಾರಿ ಮಗದೊಂದು. ಮೇಲಿನ ಮೆಟ್ಟಿಲು ಸಡಿಲವಾದರೆ ಕೆಳಗಿನದು ನಿಲ್ಲದೆಂಬ ಹಿರಿಯರ ಪಾಠವನ್ನು ಬೆಟ್ಟ ಮತ್ತೊಮ್ಮೆ ಹೇಳಿತು, ಈ ಬಾರಿ ಬಲು ನಿಷ್ಠುರವಾಗಿ.

ಕೆಳಗಿನ ಮೆಟ್ಟಿಲುಗಳಿಗೂ ಕ್ಷೇಮವಿಲ್ಲ. ಅಡಿಕೆಗೆ ಕೊಳೆರೋಗ ಹಳೆಯ ಶತ್ರು. ಮೈಲುತುತ್ತ ಸುಣ್ಣಗಳ ದ್ರಾವಣ ಹೊಡೆದು ಅದನ್ನು ತಡೆಯಬಹುದು. ಹಳದಿ ಎಲೆ ರೋಗಕ್ಕೆ ಆ ಮದ್ದು ನಾಟದು. ೨೦೨೨ರ ಸುಮಾರಿಗೆ ಕಳಸದ ತೋಟಗಳಲ್ಲಿ ಎಲೆಚುಕ್ಕಿ ರೋಗ ಉಲ್ಬಣಿಸಿ, ಹಸುರು ಸೋಗೆಗಳು ಸುಟ್ಟಂತೆ ಕಂದಿದವು. ಇನ್ನು ಗದ್ದೆಯ ಮಾತು: ಉಳುವ ಎತ್ತಿಲ್ಲ, ನೆಡುವ ಜನವಿಲ್ಲ, ಬೆಳೆದ ಬತ್ತಕ್ಕೆ ಹಾಕಿದ ಹಣ ಬರುವುದಿಲ್ಲ. ಹಲವು ಗದ್ದೆಗಳು ಅಡಿಕೆಯ ತೋಟವಾದವು. ಹಲವು ಹಾಳುಬಿದ್ದು ಹುಲ್ಲು ಬೆಳೆದವು. ನೀರು ನಿಂತು ಇಂಗುತ್ತಿದ್ದ ನೆಲ ನೀರನ್ನು ಹಿಡಿದಿಡದಾಯಿತು.

ಗ್ರೀಸಿನ ಒಂದು ಸೀಮೆ

ಇಂಥ ಕಥೆ ಮಲೆನಾಡಿಗೆ ಮಾತ್ರ ಸೇರಿದುದಲ್ಲ. ಗ್ರೀಸ್ ದೇಶದ ವಾಯವ್ಯ ಮೂಲೆಯ ಪಿಂಡಸ್ ಪರ್ವತಗಳಲ್ಲಿ ಜಾಗೋರಿ ಎಂಬ ಸೀಮೆಯಿದೆ. ಅಲ್ಲಿ ನಲವತ್ತಾರು ಹಳ್ಳಿಗಳು. ಕಲ್ಲಿನ ಗೋಡೆ, ಕಲ್ಲುಚಪ್ಪಡಿಯ ಮಾಡು, ಹಳ್ಳಗಳ ಮೇಲೆ ಕಮಾನು ಬಾಗಿದ ಕಲ್ಲುಸೇತುವೆ, ಊರ ನಡುವಿನ ಬಯಲಿನಲ್ಲಿ ಒಂದು ಮುದಿ ಮರ ಮತ್ತು ಚರ್ಚು. ಅಲ್ಲಿಯ ಗಂಡಸರು ವ್ಯಾಪಾರಕ್ಕಾಗಿ ದೂರದ ನಾಡುಗಳಿಗೆ ಹೋಗಿ ಗಳಿಸಿದ ಹಣದಿಂದ ತಮ್ಮೂರುಗಳಲ್ಲಿ ಸೇತುವೆಗಳನ್ನೂ ಶಾಲೆಗಳನ್ನೂ ಕಟ್ಟಿಸಿದರು. ಪ್ರತಿ ಹಳ್ಳಿಯ ನೆತ್ತಿಯ ಮೇಲಿನ ಇಳಿಜಾರಿನ ಕಾಡನ್ನು ದೇವರ ಹೆಸರಿನಲ್ಲಿ ಕಾಯ್ದಿರಿಸುವ ರೂಢಿ ಅಲ್ಲಿ ಇದ್ದಿತು. ಆ ಮರ ಕಡಿದವನಿಗೆ ಧರ್ಮಬಹಿಷ್ಕಾರ. ಬೆಟ್ಟ ಜಾರಿ ಊರ ಮೇಲೆ ಬೀಳದಿರಲೆಂದು ಪೂರ್ವಿಕರು ಕಂಡುಕೊಂಡ ಉಪಾಯವದು. ನಮ್ಮ ಮಲೆನಾಡಿನ ದೇವರಕಾಡೂ ನಾಗಬನವೂ ಅದಕ್ಕೆ ಒಡಹುಟ್ಟುಗಳೇ ಸರಿ.

ಎರಡನೆಯ ಮಹಾಯುದ್ಧವೂ ಅದರ ಬೆನ್ನಿಗೆ ಬಂದ ಅಂತರ್ಯುದ್ಧವೂ ಆ ಹಳ್ಳಿಗಳನ್ನು ಬರಿದು ಮಾಡಿದುವು. ಹೋದವರಲ್ಲಿ ಬಹುಮಂದಿ ಮರಳಲಿಲ್ಲ. ೨೦೨೩ರಲ್ಲಿ ಜಾಗೋರಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪ್ರವಾಸಿಗರು ಬಂದು ಸೇತುವೆಗಳನ್ನು ಕೊಂಡಾಡುತ್ತಾರೆ. ಮರ ಉಳಿಯಿತು, ಕಲ್ಲು ಉಳಿಯಿತು, ಕಾಡು ಮತ್ತೆ ಬೆಳೆಯಿತು. ಕಡಿಮೆಯಾದದ್ದು ಚಳಿಗಾಲದ ರಾತ್ರಿ ಆ ಮನೆಗಳಲ್ಲಿ ದೀಪ ಹಚ್ಚುವವರು.

ಕಳಸದ ಸುತ್ತಲ ಮನೆಗಳಲ್ಲಿಯೂ ಈ ಆತಂಕ ಇಣುಕುತ್ತಿದೆ. ಮಕ್ಕಳು ಓದಿದರು, ಓದಿದವರು ಬೆಂಗಳೂರಿಗೆ ಹೋದರು, ಕೆಲವರು ಇನ್ನೂ ದೂರ. ಅವರದು ತಪ್ಪೆನ್ನುವಂತಿಲ್ಲ. ಮಳೆಗಾಲದಲ್ಲಿ ಸಂಕ ದಾಟಿ ಮೈಲುಗಟ್ಟಲೆ ನಡೆದು ಶಾಲೆಗೆ ಹೋದವರು ತಮ್ಮ ಮಕ್ಕಳಿಗೂ ಅದೇ ಪಾಡು ಬರಲೆಂದು ಬಯಸುವರೇ? ದೊಡ್ಡ ಮನೆಯಲ್ಲಿ ಮುದಿ ದಂಪತಿಗಳು ಉಳಿಯುತ್ತಾರೆ. ಜಗಲಿಯಲ್ಲಿ ಕುಳಿತು ದೂರವಾಣಿಗೆ ಸಂಕೇತ ಸಿಕ್ಕುವ ಮೂಲೆಯನ್ನು ಹುಡುಕುತ್ತಾರೆ. ಮಗ ವರ್ಷಕ್ಕೊಮ್ಮೆ ದೀಪಾವಳಿಗೆ ಬರುತ್ತಾನೆ. ಮರ ಹತ್ತಿ ಕೊನೆ ಕೊಯ್ಯುವವರು ಸಿಕ್ಕಲಿಲ್ಲವೆಂದು ತಂದೆ ಹೇಳುತ್ತಾನೆ. ತೋಟವನ್ನು ಮಾರಿ ತಮ್ಮೊಡನೆ ಬರಬಾರದೇ ಎಂದು ಮಗ ಕೇಳುತ್ತಾನೆ. ಇಬ್ಬರ ಮಾತಿನಲ್ಲಿಯೂ ಪ್ರೀತಿಯಿದೆ, ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಉತ್ತರ ಮಾತ್ರ ಇಬ್ಬರಲ್ಲಿಯೂ ಇಲ್ಲ.

ಕೆಲವರು ಮರಳಿ ಬಂದದ್ದೂ ಉಂಟು. ಹಳೆಯ ಮನೆಯ ನಾಲ್ಕು ಕೋಣೆಗಳನ್ನು ಪ್ರವಾಸಿಗರಿಗೆ ತೆರೆದು ‘ಹೋಂಸ್ಟೇ’ ನಡೆಸುವವರಿದ್ದಾರೆ. ಕಾಫಿಯನ್ನು ತಾವೇ ಹುರಿದು ಪುಡಿಮಾಡಿ ತಮ್ಮ ತೋಟದ ಹೆಸರಿನಲ್ಲಿ ಮಾರುವವರಿದ್ದಾರೆ. ೨೦೧೯ರಲ್ಲಿ ಚಿಕ್ಕಮಗಳೂರಿನ ಅರೇಬಿಕಾಕ್ಕೂ ಬಾಬಾಬುಡನಗಿರಿಯ ಅರೇಬಿಕಾಕ್ಕೂ ಭೌಗೋಳಿಕ ಗುರುತಿನ ಮನ್ನಣೆ ದೊರೆತಿರುವುದು ಇಂಥವರಿಗೆ ಒಂದು ಊರುಗೋಲು. ಪ್ರವಾಸಿಗರ ಹಣದೊಡನೆ ಪ್ಲಾಸ್ಟಿಕ್ಕೂ ಬೆಟ್ಟ ಏರುತ್ತದೆ, ಕಾಡುದಾರಿಯಲ್ಲಿ ಜೀಪುಗಳ ಆರ್ಭಟವೂ ಏರುತ್ತದೆ. ಆದರೂ ಬಾಗಿಲು ಮುಚ್ಚಿದ ಮನೆಗಿಂತ ಅತಿಥಿಗಳಿರುವ ಮನೆ ಮೇಲು. ಸೂರಿನ ಹೆಂಚು 

ಒಡೆದಾಗ ಬದಲಿಸುವುದಕ್ಕಾದರೂ ಅಲ್ಲಿ ಒಬ್ಬನಿರುತ್ತಾನೆ.

ದೀಪ ಹಚ್ಚುವವರು

ಹೊರನಾಡಿನಲ್ಲಿ ಮಧ್ಯಾಹ್ನದ ಪಂಕ್ತಿ ಕುಳಿತಾಗ ಬಂದವನು ಯಾರು, ಯಾವ ಊರಿನವನು ಎಂದು ಯಾರೂ ಕೇಳುವುದಿಲ್ಲ. ೧೯೭೩ರಲ್ಲಿ ಅಲ್ಲಿ ಅನ್ನಪೂರ್ಣೆಯ ಈಗಿನ ಮೂರ್ತಿಯ ಪ್ರತಿಷ್ಠೆಯಾಯಿತು; ಬಂದವರಿಗೆಲ್ಲ ಅನ್ನವಿಕ್ಕುವ ಧರ್ಮ ಅದಕ್ಕಿಂತ ಬಹಳ ಹಳೆಯದು. ಬೆಟ್ಟಗಳ ನಡುವೆ ದಾರಿ ತಪ್ಪಿದವನಿಗೆ ಒಂದೇ ಮನೆ ಕಂಡರೆ ಆ ಮನೆಯೇ ಅವನಿಗೆ ಛತ್ರ, ಆ ಮನೆಯೊಡತಿಯೇ ಅನ್ನಪೂರ್ಣೆ. ದೂರದೂರವಿರುವ ಮನೆಗಳ ಈ ಸೀಮೆಯಲ್ಲಿ ಉಣ್ಣಿಸುವುದು ಔದಾರ್ಯವಾಗುವುದಕ್ಕೆ ಮೊದಲು ಬದುಕುವ ನಿಯಮವಾಗಿತ್ತು. ದೇವಾಲಯದ ಪಂಕ್ತಿಯಲ್ಲಿ ಆ ನಿಯಮವೇ ಹಿರಿದಾಗಿ ಬೆಳೆದು ನಿಂತಿದೆ.

ಸಂಜೆ ಕಳಸದಿಂದ ಕೊನೆಯ ಬಸ್ಸುಗಳು ಹೊರಡುತ್ತವೆ. ಯಾತ್ರಿಕರು ಕಿಟಕಿಯ ಪಕ್ಕದ ಸ್ಥಳಕ್ಕಾಗಿ ಅವಸರ ಮಾಡುತ್ತಾರೆ. ಸಾಮಾನಿನ ಚೀಲ ಹೊತ್ತ ಸುತ್ತಲ ಹಳ್ಳಿಗಳ ಜನ ಬೇರೊಂದು ಬಸ್ಸಿಗೋ ಜೀಪಿಗೋ ಹತ್ತಿ, ಎಲ್ಲಿಯೋ ಒಂದು ತಿರುವಿನಲ್ಲಿ ಇಳಿದು, ಕಾಲುದಾರಿ ಹಿಡಿದು ಮರಗಳ ನಡುವೆ ಮರೆಯಾಗುತ್ತಾರೆ. ಸ್ವಲ್ಪ ಹೊತ್ತಿಗೆ ಬೆಟ್ಟದ ಕಪ್ಪಿನಲ್ಲಿ ಅಲ್ಲೊಂದು ಇಲ್ಲೊಂದು ದೀಪ ಕಾಣಿಸುತ್ತದೆ. ಹಗಲೆಲ್ಲ ಕಾಣದಿದ್ದ ಊರು ಆಗ ಕಾಣುತ್ತದೆ. ಹೊರಟ ಬಸ್ಸಿನಲ್ಲಿ ಕುಳಿತವನು ತಿರುಗಿ ನೋಡಿ ಆ ದೀಪಗಳನ್ನು ಎಣಿಸಬಹುದು. ಅರಸರು ಅಳಿದ ಮೇಲೂ, ಗಣಿ ಮುಚ್ಚಿದ ಮೇಲೂ, ಬೆಟ್ಟ ಜಾರಿದ ಮೇಲೂ ಅವು ಆರಿಲ್ಲ. ಇನ್ನು ಹತ್ತು ವರ್ಷಗಳಾದ ಮೇಲೆ ಅದೇ ತಿರುವಿನಲ್ಲಿ ಎಷ್ಟು ದೀಪ ಕಾಣಿಸಬಹುದು ಎಂಬುದರ ಮೇಲೆ ಈ ಮಲೆಯೂರಿನ ಮುಂದಿನ ಕಥೆ ನಿಂತಿದೆ.